ಪುತಳಾಬಾಯಿಯ ಫೋಟೊ

"ಹಲೋ... ಹಲೋ, ಯಾರ್ರೀ ಮಾತಾಡೋದು? ಕಸ್ತೂರಿಬಾಯಿ ಅಕ್ಕಾರೇನ್ರಿ? ...ನಾನ್ರೀ, ಕಲಬುರ್ಗಿ ಫೋಟೊ ಸ್ಟುಡಿಯೋ ಭೀಮಶಾ."

೧೯೯೨ರಲ್ಲಿ ಕಮಲಾಪುರಕ್ಕೆ ಲೈನು ಸಿಗುವುದೆಂದರೆ ಪುಣ್ಯ. ಇವತ್ತು ಸಿಗದಿರಲಪ್ಪಾ ಎಂದು ಭೀಮಶಾ ಮೂರು ಸಲ ಬೇಡಿಕೊಂಡಿದ್ದ. ನಾಲ್ಕನೆಯ ಸಲಕ್ಕೆ ಸಿಕ್ಕೇಬಿಟ್ಟಿತು.

"ಹಾಂ... ಗೊತ್ತಾತ್ರೀ, ನಿಮ್ಮ ತಾಯಿ, ಪುತಳಾಬಾಯಿ ಆಯಿ ಹೋದ ಸುದ್ದಿ ನಿನ್ನೆ ತಿಳೀತು. ...ಹಾಂ, ಐತವಾರದ ಫೋಟೊ. ...ದೊಡ್ಡದು ಮಾಡಿ ಚೌಕಟ್ಟು ಹಾಕಿಸ್ಬೇಕಾ? ...ಅಕ್ಕಾ, ಜರಾ ನನ್ನ ಮಾತು ಕೇಳ್ರಿ."

...

"ಅವತ್ತು ನನ್ನ ಕ್ಯಾಮೆರಾಕ್ಕ ಬ್ಯಾರೆ ಕಂಪನಿ ಲೆನ್ಸ್ ಹಾಕಿದ್ದೆ. ಅದು ಹಂಗ ಕೂಡೂದಿಲ್ಲ, ನಡುವೊಂದು ರಿಂಗ್ ಬೇಕು. ಕಪನೂರದ ವರ್ಕ್‌ಶಾಪಿನಾಗ ಲೇಥಿನ ಮ್ಯಾಲ ಮಾಡಿಸಿದ್ದೆ, ಜರಾ ತೆಳ್ಳಗಾಗಿತ್ತು. ...ಇಲ್ರೀ, ಅಂಗಡ್ಯಾಗ ಛಲೋ ನಡೀತಿತ್ತು. ಪಾಸ್‌ಪೋರ್ಟ್ ಫೋಟೊ ಸನೇಕಿಂದ ತೆಗೀತೀವಲ್ಲ, ಏನೂ ಆಗ್ಲಿಲ್ಲ. ನಿಮ್ಮ ಅಂಗಳದಾಗ ದೂರ ನಿಂತು ಲೆನ್ಸ್ ತಿರುವಿದೆ, ಅದರ ಹಿಂದಿನ ಗಾಜು ಒಳಗ ಸರೀತು. ಬಟನ್ ಒತ್ತಿದ ಕೂಡ್ಲೇ ಕ್ಯಾಮೆರಾದೊಳಗಿನ ಕನ್ನಡಿ ಅದಕ್ಕ ಬಡದು ಸಿಗಿಬಿತ್ತು."

...

"ಇಲ್ಲಕ್ಕಾ... ಒಂದೂ ಬಂದಿಲ್ಲ. ಫೋಟೊ ತೆಗದೇ ಇಲ್ಲ."

...

"ಹೌದ್ರೀ, 'ಆಯ್ತು' ಅಂದೆ. ಮೂರು ಸಲ ಅಂದೆ. ಸುಳ್ಳ ಅಂದೆ. ...ಯಾಕಂದ್ರ? ಆಯಿ ಜೀವಮಾನದಾಗ ಫೋಟೊಕ್ಕ ಕೂತವರಲ್ಲ ಅಂತ ನೀವೇ ಹೇಳಿದ್ರಿ. ಹೊಸಾ ಸೀರಿ ಉಟ್ಟು ನಿಮ್ಮಪ್ಪ ಮುತ್ಯಾನ ಬಾಜೂಕ ಕೂತಿದ್ರು. ಹದಿನೆಂಟು ಮಂದಿ ನಿಂತಿದ್ರಿ. ಅಷ್ಟು ಮಂದಿ ಮುಂದ ಕ್ಯಾಮೆರಾ ಕೆಟ್ಟದ ಅನ್ಲಾಕ ನಾಚಿಕಿ ಬಂತಕ್ಕಾ. ಮುಂದಿನ ಐತವಾರ ಬಂದು, ರೀಲು ಕೆಟ್ಟದ ಅಂತ ಹೇಳಿ ಮತ್ತ ತೆಗದ್ರಾತು ಅಂದ್ಕೊಂಡಿದ್ದೆ. ...ಬುಧವಾರಕ್ಕೇ ಹೋಗ್ತಾರಂತ ನನಗೇನ್ ಗೊತ್ತು..."

ಭೀಮಶಾ ಅಳುತ್ತಿದ್ದ. ಹದಿನೈದು ವರ್ಷ ಮಂದಿಗೆ 'ಜರಾ ನಗ್ರಿ' ಎಂದು ಹೇಳಿ ಹೊಟ್ಟೆ ಹೊರೆದವನು, ಅಂಗಡಿಯ ಕದ ಮುಂದೆ ಮಾಡಿಕೊಂಡು ಬಿಕ್ಕುತ್ತಿದ್ದ. ಮಾನ ಉಳಿಸಿಕೊಳ್ಳಲು ಆಡಿದ ಒಂದು ಮಾತಿಗೆ ಒಬ್ಬ ತಾಯಿಯ ಮುಖವೇ ಹೋಗಿತ್ತು.

"ಬೈರಿ ಅಕ್ಕಾ. ...ಹಲೋ? ...ಫೋನ್ ಯಾರಿಗಿ ಕೊಡ್ತೀರಿ? ಬ್ಯಾಡ್ರಿ, ಅವರಿಗಿ ನೀವೇ ಹೇಳ್ರಿ, ನನ್ನ ಕೈಲೆ..."

...

"ನಮಸ್ಕಾರ್ರೀ ಮುತ್ಯಾ."

ಪುತಳಾಬಾಯಿಯ ಗಂಡ ತುಕಾರಾಮ. ಮಗಳು ಫೋಟೊ ಇಲ್ಲದ ಸಂಗತಿ ತಿಳಿಸದೆಯೇ ಮುದುಕನ ಕೈಗೆ ರಿಸೀವರ್ ಕೊಟ್ಟಿದ್ದಳು.

"ಹಾಂ... ಫೋಟೊದಾಗ ಹೆಂಗ ಬಂದಾಳಂತೀರಿ? ...ನಕ್ಕಿದ್ರು ಮುತ್ಯಾ. ಸೆರಗು ಸರಿ ಮಾಡ್ಕೋ ಅಂತ ನೀವು ಗದರಿಸಿದ್ರಿ ನೋಡ್ರಿ, ಆಗ ಬಾಯಿಗಿ ಕೈ ಅಡ್ಡ ಹಿಡ್ದು ನಕ್ಕಿದ್ರು. ಖರೇ, ನಾ ನೋಡೀನಿ. ...ಹಾಂ? ಯಾವಾಗ ತರ್ತೀನಿ?"

...

"ಮುತ್ಯಾ, ಫೋಟೊ ಇಲ್ರೀ. ಅವತ್ತು ನಾ ತೆಗದೇ ಇಲ್ಲ. ತಪ್ಪು ನಂದು. ...ಹಲೋ? ಮುತ್ಯಾ? ಕೇಳಿಸ್ತೇನ್ರಿ? ...ಹಲೋ?"

ಲೈನು ಕಡಿದುಹೋಗಿತ್ತು. ಮುದುಕನ ಕಿವಿಗೆ ಎಷ್ಟು ಬಿದ್ದಿತ್ತೋ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಹೇಳಬೇಕಲ್ಲ ಎಂದುಕೊಳ್ಳುತ್ತ ಭೀಮಶಾ ನಂಬರು ತಿರುಗಿಸತೊಡಗಿದ.