ಮುಂಬಾಗಿಲಿನ ಇಳಿಜಾರು

ಒಹಾಯೊದ ಆ ಪುಟ್ಟ ಊರಿನ ಟೌನ್ ಹಾಲಿನಲ್ಲಿ, ತನ್ನ ಬೇಕರಿಯ ಬೋರ್ಡಿಗೆ ಒಪ್ಪಿಗೆ ಕೇಳಲು ಬಂದ ಡೋರೀನ್ ಸರದಿ ಕಾಯುತ್ತಿದ್ದಳು. ಕಟ್ಟಡಗಳ ನಕ್ಷೆ ನೋಡುವ ಸಮಿತಿಯ ಕೋಣೆಯಿಂದ ಒಬ್ಬ ಮುದುಕ, ಅವನ ಮಗಳು ಹೊರಬಂದು ಅವಳ ಪಕ್ಕದಲ್ಲೇ ಕುಳಿತರು.

"ಏನಪ್ಪಾ ನೀನು, ಅವರು ಹೇಳಿದ್ದಕ್ಕೆಲ್ಲ ಹೂಂ ಅಂದ್ಬಿಟ್ಟೆ!"

"ಕಟ್ತಿರೋದು ಸಣ್ಣ ಆಫೀಸು ಕಣೇ, ಅರಮನೆ ಅಲ್ಲ. ಮುಂದೆ ಹೂವಿನ ಗಿಡ ಬೇಕಂತೆ, ಹಾಕೋಣ."

"ಗಾಲಿಕುರ್ಚಿ ಹತ್ತೋ ಇಳಿಜಾರು ಮುಂಬಾಗಿಲಿಗೇ ಬೇಕು ಅಂತ ಇದೇ ಸಮಿತಿ ಹತ್ರ ಜಗಳ ಆಡಿದ್ದು ಯಾರು?"

"ನಾನೇ."

"ಹೋದ ಸಲ ಅವರು ಹಿಂದಕ್ಕೆ ಹಾಕಿ ಅಂದಾಗ ಮೇಜು ಗುದ್ದಿದ್ದೆ. 'ನನ್ನ ವೆರ್ನಾ ತನ್ನ ಆಫೀಸಿಗೇ ಕಸದ ತೊಟ್ಟಿ ದಾಟ್ಕೊಂಡು ಬರಲ್ಲ' ಅಂದಿದ್ದೆ. ಇವತ್ತು ಹಿಂದಕ್ಕೇ ಇರ್ಲಿ ಅಂದ್ಬಿಟ್ಟೆ."

"ಈಗ ಬರೋಕೆ ಅವಳೆಲ್ಲಿದಾಳೆ?"

ಮಗಳು ದನಿ ತಗ್ಗಿಸಿದಳು.

"ಅಮ್ಮ ಹೋದ್ಲು ಅಂತ ಅವರಿಗೆ ಹೇಳ್ಬಹುದಿತ್ತು."

"ಹೇಳಿದ್ರೆ ಅಯ್ಯೋ ಪಾಪ ಅಂತ ಇಳಿಜಾರು ಅಲ್ಲೇ ಇರ್ಲಿ ಅಂದುಬಿಡ್ತಿದ್ರು. ದಿನಾ ಅದನ್ನ ನೋಡ್ಕೊಂಡು ಒಳಗೆ ಹೋಗೋನು ನಾನು."

"ಆ ಅಧ್ಯಕ್ಷೆ, ಕೊನೆಗೂ ನಿಮಗೆ ಬುದ್ಧಿ ಬಂತಲ್ಲ ಅಂತ ನಕ್ಕಳು."

"ನಗ್ಲಿ ಬಿಡು. ಅವಳಿಗೇನು ಗೊತ್ತು."

ಇಬ್ಬರೂ ಎದ್ದರು. ಮುದುಕ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಟೌನ್ ಹಾಲಿನ ಇಳಿಜಾರಿರುವ ಹಿಂಬಾಗಿಲಿನ ಕಡೆ ನಡೆದ.

"ಅಪ್ಪಾ, ಆ ಕಡೆ ಯಾಕೆ? ಮೆಟ್ಟಿಲು ಇಲ್ಲೇ ಇದೆಯಲ್ಲ."

ಅವನು ನಿಂತ. ತಿರುಗಿ ಬಂದು, ಮಗಳ ತೋಳು ಹಿಡಿದುಕೊಂಡು, ಮುಂಬಾಗಿಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದುಹೋದ.