ಬೆಳ್ಳಿಯ ಅಂಗಾಲು

"ಹಲೋ... ಹಲೋ, ಯಾರ್ರಿ ಮಾತಾಡೋದು? ಇದು ದೇವಪ್ಪನ ಫೋನ್ ಅಲ್ಲೇನ್ರಿ?"

ಕತ್ತರಿ ಟೈರಿನ ಟ್ಯೂಬಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಉಡಚವ್ವ ಅದನ್ನು ಹಾಗೆಯೇ ಬಿಟ್ಟು, ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಬೆಟಗೇರಿಯ ಓಣಿಯಲ್ಲಿ ಮಗ್ಗಗಳು ಶುರುವಾಗಿದ್ದವು. ಇನ್ನೊಂದು ಕಿವಿಗೆ ಬೆರಳಿಡಬೇಕಾಯಿತು.

...

"ಬುಡ್ಡೇಸಾಬ್ ಕಾಕಾರ? ನಮಸ್ಕಾರ್ರೀ. ನಿಮ್ಮ ಹೊಲದಾಗ ಕುರಿ ಕೂಡಿಸ್ಯಾನಲ್ರಿ ದೇವಪ್ಪ, ಅವನ ತಂಗಿ ನಾನು. ಉಡಚವ್ವ... ಹಾಂ, ಹಾಂ, ಟೇಲರ್. ಅಣ್ಣ ಎಲ್ಲಿ ಅದಾನ್ರಿ?"

...

"ಪಂಪಿನ ಮನ್ಯಾಗ ಚಾರ್ಜಿಗಿಟ್ಟು ಹೋಗ್ಯಾನ? ಅದಕ್ಕ ಮುಂಜಾನಿಂದ ಎತ್ತವಲ್ಲ. ಸ್ವಲ್ಪ ಕರೀರಿ ಕಾಕಾ, ಜಲ್ದಿ. ಇವತ್ತ ಮುಂಡರಗಿ ಕಡೆ ಹೊಂಡ್ತೀವಿ ಅಂದಿದ್ದ... ಏನು? ಆಗಲೇ ಕುರಿ ಎಬ್ಬಸಾಕ ಹತ್ಯಾನ?"

...

"ಬೂಟಾ? ಹೌದ್ರಿ, ನಾನ ಹೊಲದಿದ್ದು. ಮೊನ್ನಿ ಶಿರಹಟ್ಟಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸಿದ್ದೆ. ನಾಕೂ ಮುಟ್ಟಿದುವಲ್ಲಾ?... ನಗ್ರಿ, ನಗ್ರಿ. ಹೌದ್ರಿ ಕಾಕಾ, ನಾಯೀನ ಸಾಲಿಗೂ ಕಳಸ್ತೀವಿ. ಹೆಸರ ಹಚ್ಚಾಕ ನೀವ ಬರ್ರಿ."

ಅವಳೂ ನಕ್ಕಳು. ಐದು ರಾತ್ರಿ ಶಿರಹಟ್ಟಿಯಾಚೆಯ ಆ ಹೊಲದಲ್ಲಿ ಅಣ್ಣನ ಕುರಿಗಳು ತಂಗಿದ್ದವು. ಹೊಲಕ್ಕೆ ಗೊಬ್ಬರ, ಕುರಿಗೆ ಜಾಗ. ಇನ್ನು ಮೂರು ದಿನದ ನಡಿಗೆ, ಏಪ್ರಿಲ್ ಬಿಸಿಲಿನಲ್ಲಿ, ಡಾಂಬರಿನ ಮೇಲೆ. ಹಿಂಡಿನ ನಾಯಿ ಬೆಳ್ಳಿಯ ಅಂಗಾಲು ಒಡೆದು ಹದಿನೈದು ದಿನವಾಗಿತ್ತು. ಅದರ ಕಾಲುಗಳನ್ನು ಅರಿಶಿನದ ನೀರಿನಲ್ಲಿ ಅದ್ದಿ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒತ್ತಿ, ಅಳತೆ ಎಂದು ದೇವಪ್ಪ ಕಳಿಸಿದ್ದ. ಮುಂದಿನವೆರಡು ದೊಡ್ಡವು, ಹಿಂದಿನವೆರಡು ಸಣ್ಣವು.

...

"ಖರೆ? ಹಾಕ್ಕೊಂಡು ನಡದ್ಲಾ? ನಿನ್ನಿ ಇಡೀ ದಿನಾ? ಕುಂಟಲಿಲ್ಲ ಹೌದಲ್ರಿ?... ನೀರಿನ ಕಾಲುವ್ಯಾಗೂ ಇಳದ್ಲಾ! ಇಳೀಲಿ ಬಿಡ್ರಿ. ಸುತ್ತಲೂ ಟ್ಯೂಬೈತಿ, ಒಂದು ಸೂಜಿ ತೂತು ಬಿಟ್ಟಿಲ್ಲ ನಾನು."

...

"ಗ್ವಾಡಿ ಮೊಳೀಗೆ ತೂಗ ಹಾಕ್ಯಾರ? ಬೂಟು? ಯಾಕ್ರಿ? ಯಾರು ಬಿಚ್ಚಿದವ್ರು?... ಬಂದನಾ? ಕೊಡ್ರಿ, ಅವನ ಕೈಯಾಗ ಕೊಡ್ರಿ."

...

"ಅಣ್ಣಾ, ಯಾಕ ಬಿಚ್ಚಿದಿ?"

...

"ಹಟ್ಟಿ ಒಳಗ... ಅಯ್ಯ, ಅವು ಕಾಲ್ಮರಿ ಅಲ್ಲೋ! ಅರಿವಿ ಚೀಲ ಅಂತ ತಿಳ್ಕೊ. ಗಾಯಕ್ಕ ಪಟ್ಟಿ ಕಟ್ಟಿದಂಗ... ಅಪ್ಪ ದನದ ಡಾಕ್ಟರ್ ಬೂಟು ಬಿಚ್ಚಿಸಿದ್ದು ನನಗೂ ಗೊತ್ತೈತಿ. ಅವರ ಕಾಲಾಗ ಜಾಲಿಮುಳ್ಳು ನಟ್ಟು, ಕುರಿಗಿಂತ ಮದ್ಲ ಡಾಕ್ಟರಿಗೇ ಔಷಧ ಹಚ್ಚಬೇಕಾತಲ್ಲ, ಅದೂ ಗೊತ್ತೈತಿ."

ಮುಳ್ಳುಬೇಲಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಕುರಿ ಕೂಡಿಸುವ ಹಟ್ಟಿಯೊಳಗೆ ಕಾಲಿಡಬೇಕು. ಅಪ್ಪ ಹಾಗೆ ನಡೆಸಿದ್ದ, ಅಣ್ಣನೂ ಹಾಗೆಯೇ ನಡೆಸುತ್ತಿದ್ದ. ಉಡಚವ್ವ ಬೆಳೆದದ್ದೂ ಆ ಬೇಲಿಯೊಳಗೇ. ಆದರೂ ಮೂರು ದಿನ ಟ್ಯೂಬು ಕತ್ತರಿಸುವಾಗ ತಾನು ಹೊಲಿಯುತ್ತಿರುವುದು ಚಪ್ಪಲಿ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

...

"ಆತು. ಹಟ್ಟಿ ಒಳಗ ಬ್ಯಾಡ. ಹಾದ್ಯಾಗ ಹಾಕು. ನೀನೂ ಹಂಗ ಮಾಡ್ತಿ ಅಲ್ಲಾ? ಬಾಗಲಾಗ ನಿಂದು ಬಿಡು, ಅಕೀದು ಬಿಚ್ಚು..."

...

"ಹಾಂ. ನೀ ದಿನಕ್ಕ ಎರಡ ಸಲ ಹೋಗ್ತಿ, ಅಕಿ ಐವತ್ತ ಸಲ ಹೋಗಿ ಬರ್ತಾಳ. ಖರೆ. ಖರೆ ಐತಿ. ನಾ ಅಲ್ಲ ಅನ್ನವಲ್ಲೆ. ಡಾಂಬರಿನ ಮ್ಯಾಲಾದ್ರೂ ಹಾಕು, ಮುಂಡರಗಿ ಮುಟ್ಟೂತನಕ..."

...

"ಏನಂದಿ? ಕೇಳವಲ್ದು, ಜೋರ ಹೇಳು... ಬೂಟಿನ ಜೋಡಿ ಅಕಿ ತೊಗಲೂ ಕಿತ್ತು ಬಂತು?"

ಎದುರು ಮನೆಯ ಮಗ್ಗ ನಿಂತಿತು. ದಾರ ತುಂಡಾಗಿರಬೇಕು.

"ಯಾವ ಕಾಲಿಂದು?... ನಾಕೂ?"

...

"ಒಳಗ ಮೆತ್ತನ್ನ ಅರಿವಿ ಹಾಕಿದ್ನೆಲ್ಲೋ. ಹಳೇ ಕೌದಿ ಹರದು ಹಾಕಿದ್ದೆ... ಹಾಂ. ನೀರು ಕುಡದು ಒಳಗ ಕುಂತಿರಬೇಕು. ಹೊರಗ ಹೋಗಾಕ ಹಾದಿ ಎಲ್ಲೈತಿ ಅದಕ್ಕ?"

ಮುಳ್ಳು ಬರಬಾರದೆಂದು ಬಿಗಿ ಮಾಡಿದ್ದು ಅವಳೇ. ಧೂಳು ಬರಬಾರದೆಂದು ಮೇಲೊಂದು ಪಟ್ಟಿ ಸುತ್ತಿದ್ದೂ ಅವಳೇ. ಯಂತ್ರದ ಮೇಲೆ ಎರಡನೇ ಜೊತೆಯ ಒಂದು ಬೂಟು ಸಿದ್ಧವಾಗಿ ಕುಳಿತಿತ್ತು, ಅಂಗೈಯಷ್ಟೇ ಅಗಲ. ಅವಳು ಅದನ್ನು ಬಟ್ಟೆಯ ಕೆಳಗೆ ಸರಿಸಿದಳು.

...

"ಹಂಗ ಅನ್ನಬ್ಯಾಡ... ಅನ್ನಬ್ಯಾಡ ಅಂದೆ. ನೀ ಹೇಳೂದೇನೈತಿ, ನನಗ ಗೊತ್ತೈತಿ. ನಾನ ಕೆಡಿಸಿದೆ. ಆದ್ರ ನಾ ಏನ ಮಾಡ್ಲಿ, ನೀ ತಂದಾಗ ಕಣ್ಣ ಬಿಟ್ಟಿರಲಿಲ್ಲ ಅದು."

ತಾಯಿನಾಯಿ ಲಾರಿಗೆ ಸಿಕ್ಕಿದ ಮರುದಿನ, ನಾಲ್ಕು ದಿನದ ಮರಿ ಬೆಳ್ಳಿಯನ್ನು ಟವಲಿನಲ್ಲಿ ಸುತ್ತಿ ದೇವಪ್ಪ ತಂಗಿಯ ಮನೆಗೆ ತಂದಿದ್ದ. ಎರಡು ವಾರ ಸಾಕು ಎಂದಿದ್ದ. ಅವಳು ಏಳು ತಿಂಗಳು ಇಟ್ಟುಕೊಂಡಳು. ಮರಿ ಮಲಗಿದ್ದು ಯಂತ್ರದ ಕೆಳಗಿನ ಚಿಂದಿಯ ರಾಶಿಯ ಮೇಲೆ. ಅಂಗಳಕ್ಕೆ ಇಳಿಸಿದರೆ ಒಂದು ಕಾಲೆತ್ತಿ ಕುಂಯ್ ಎನ್ನುತ್ತಿತ್ತು, ಅವಳು ಎತ್ತಿಕೊಳ್ಳುತ್ತಿದ್ದಳು. ಹಿಂಡಿನ ನಾಯಿಯ ಅಂಗಾಲು ಮರಿಯಿದ್ದಾಗಲೇ ಕಲ್ಲು, ಕೂಳೆ ತುಳಿದು ಗಟ್ಟಿಯಾಗಬೇಕು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಎತ್ತಿಕೊಳ್ಳುತ್ತಿದ್ದಳು.

...

"ಒಂದು ದಿನಾ ನಿಂದರು. ಒಂದ ದಿನಾ. ಕಾಕಾ ಏನೂ ಅನ್ನೂದಿಲ್ಲ... ಟ್ರ್ಯಾಕ್ಟರ್ ಬಂದು ನಿಂತೈತಾ? ಇವತ್ತ ಹರಗತಾರ?... ಹಾಂ."

...

"ಹಂಗಾದ್ರ ಅಕೀನ ಅಲ್ಲೇ ಕಟ್ಟಿ ಹೋಗು. ಮಧ್ಯಾಹ್ನದ ಬಸ್ಸಿಗೆ ನಾ ಬರ್ತೀನಿ, ಕರ್ಕೊಂಡು ಬರ್ತೀನಿ. ಒಂದು ತಿಂಗಳು ನನ್ನ ಕಡೆ ಇರಲಿ... ಹೌದು, ಹೋದ ವರ್ಷ ಕುರಿ ಹಿಂದ ಹೋಗಾಕ ಹಗ್ಗಾ ಕಡದಿದ್ಲು. ಹಿರೇಹಂದಿಗೋಳದ ಹಾದ್ಯಾಗ ಸಿಕ್ಕಿದ್ಲು. ಮೂರು ದಿನಾ ಕೂಳು ಮುಟ್ಟಿರಲಿಲ್ಲ. ನೆನಪೈತಿ. ಈ ಸಲ ಸರಪಳಿ ಹಾಕ್ತೀನಿ."

...

"ಸರಪಳಿ ಅಂದ್ನೆಲ್ಲಾ ನಾನು... ಇಲ್ಲ. ಬ್ಯಾಡ ಬಿಡು."

ಫೋನಿನಲ್ಲಿ ಕೊರಳಗಂಟೆಗಳು ಒಂದೊಂದಾಗಿ, ಆಮೇಲೆ ಒಟ್ಟಿಗೆ ಕೇಳಿಸಿದವು.

"ಎದ್ದುವಾ ಕುರಿ?... ಬೆಳ್ಳಿ ಎಲ್ಲಿ ಅದಾಳ? ಎದ್ಲಾ? ಯಾರೂ ಕರೀದನ ಎದ್ಲಾ?... ಅಣ್ಣಾ, ಫೋನು ಅಕಿ ಕಿವಿಗೆ ಹಿಡಿ. ಹಿಡೀಯೋ, ನಗಬ್ಯಾಡ... ಬೆಳ್ಳೀ, ನಮ್ಮವ್ವಾ, ನಾನು. ಕುಂಡ್ರು. ಅಲ್ಲೇ ಕುಂಡ್ರು, ಹೋಗಬ್ಯಾಡ. ಕುಂಡ್ರ ನಮ್ಮವ್ವಾ..."

...

"ಕುಂತ್ಲಾ?... ಬಾಲಾ ಅಲ್ಲಾಡಿಸಿ ಹೋದ್ಲಾ."

...

"ಹೆಂಗ ನಡದಾಳ? ನೆಲದ ಮ್ಯಾಲ ಹೆಜ್ಜಿ ಮೂಡ್ತಾವೇನು? ಯಾವ ಬಣ್ಣ... ಹೇಳಬ್ಯಾಡ. ಹೇಳಬ್ಯಾಡ ಬಿಡು, ಗೊತ್ತಾತು."

ದೇವಪ್ಪ ಬಹಳ ಹೊತ್ತು ಮಾತಾಡಿದ. ಸಮಾಧಾನ ಹೇಳುವಾಗ ಅವನು ಹೀಗೆಯೇ, ಬೇರೆ ಯಾವುದೋ ಊರಿನಿಂದ ಮಾತು ಶುರುಮಾಡುತ್ತಿದ್ದ. ಜೊತೆಯಲ್ಲಿ ನಡೆಯುವ ಲಕ್ಕಪ್ಪನ ಸುದ್ದಿ ಬಂತು. ಅವನ ನಾಯಿ ಶಿಗ್ಲಿಯಲ್ಲಿ ಈದ ಸುದ್ದಿ ಬಂತು.

"ಹಾಂ... ಎಷ್ಟು ಮರಿ?... ಒಂದಕ್ಕ ಮೊಲಿ ಕೊಡವಲ್ದಾ?... ಬಿಳೇದು?"

ಮಾತು ಎಲ್ಲಿಗೆ ಬರುತ್ತಿದೆ ಎಂದು ಅವಳಿಗೆ ತಿಳಿಯಿತು. ಅದೇ ಬಸ್ಸು, ಅದೇ ಕಂಡಕ್ಟರು. ಹಿಂಡಿಗೆ ಮುಂದಿನ ವರ್ಷ ಇನ್ನೊಂದು ನಾಯಿ ಬೇಕು. ಉಡಚವ್ವನಿಗೂ ಮನೆಯಲ್ಲಿ ಒಂದು ಜೊತೆಯಾಗುತ್ತದೆ. ಎರಡೇ ವಾರ.

"ಇಲ್ಲ."

...

"ಇಲ್ಲ ಅಂದೆ, ಅಣ್ಣಾ. ಕಳಸಬ್ಯಾಡ... ಇಲ್ಲ, ನಿನ್ನ ಮ್ಯಾಲ ಸಿಟ್ಟಿಲ್ಲ. ಸಿಟ್ಟಿನ ಮಾತಲ್ಲ ಇದು."

...

"ಸಾಯಲಿ ಅನ್ನಾಕ ನನಗ ಬಾಯಿ ಬರವಲ್ದು. ಬ್ಯಾರೆ ಯಾರಿಗಾರ ಕೊಡು, ನೆಲಕ್ಕ ಇಳಿಸಾವ್ರಿಗೆ ಕೊಡು. ನಾ ಇಳಿಸಾಕಿ ಅಲ್ಲ. ಅಳ್ತೈತಿ ಅಂದ್ರ ಎತ್ತಿಕೊಳ್ಳಾಕಿ ನಾನು... ಕೇಳಸ್ತೇನು? ಹಲೋ?... ನನಗ ಮರಿ ಬ್ಯಾಡ. ನಾ ತಗೊಳ್ಳೂದಿಲ್ಲ."

ಅವನು ಕೇಳಿಸಿಕೊಂಡನೋ ಇಲ್ಲವೋ, ಅಷ್ಟರಲ್ಲಿ ಲೈನು ಹೋಯಿತು.