ಪರದೆಯ ಕೆಳಗೆ ಉಳಿದವಳು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಹಿಂದೆ ಹೋಗಿ. ಒಂದಾನೊಂದು ಸೀಮೆ. ಅದಕ್ಕೆ ಹೆಸರಿತ್ತೋ ಇಲ್ಲವೋ, ನಮಗ್ಯಾಕೆ? ಅಲ್ಲೊಬ್ಬ ತೊಗಲುಗೊಂಬೆ ಆಡಿಸೋನು, ವೆಂಕೋಬಪ್ಪ ಅಂತ. ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ ಗೊಂಬೆ ಎತ್ತಿದ ಅಂದರೆ ಅಳೋ ಕೂಸೂ ಬಾಯಿ ಮುಚ್ಚಬೇಕು.

ಹಳೇ ಆಟ ನೋಡಿ ನೋಡಿ ಜನ ಆಕಳಿಸೋಕೆ ಶುರು ಮಾಡಿದರು. ವೆಂಕೋಬಪ್ಪ ಕೂತು ಒಂದು ಹೊಸ ಆಟ ಕಟ್ಟಿದ. ಏನದು? ಒಬ್ಬ ಹುಡುಗಿ, ಎರಡೂ ಕಾಲು ಸೊಟ್ಟ. ಅವಳಿಗೆ ಒಂದೂ ಮಾತಿಲ್ಲ, ಬರೀ ಅಳು. ಅವಳಪ್ಪ ಅವಳನ್ನ ಹೊತ್ತುಕೊಂಡು ಕೆರೆಗೆ ಹೋಗ್ತಾನೆ. ಗಂಗಮ್ಮನ್ನ ನೆನೆದು ನೀರಲ್ಲಿ ಮುಳುಗಿಸಿ ನೂರು ಎಣಿಸ್ತಾನೆ. ನೂರು ತುಂಬೋದೇ ತಡ, ಹುಡುಗಿ ನೆಟ್ಟಗೆ ಎದ್ದು ಬಂದು ಕುಣೀತಾಳೆ!

ಮೊದಲನೇ ಊರಲ್ಲಿ ಆಡಿಸಿದ. ಹೆಂಗಸರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಎರಡನೇ ಊರಲ್ಲಿ ಆಡಿಸಿದ. ಮೀಸೆ ಹೊತ್ತ ಗಂಡಸರೂ ಅತ್ತರು. ಮೂರನೇ ಊರಲ್ಲಿ ಆಡಿಸಿದ. ಜನರೆಲ್ಲ ಸೇರಿ ಒಂದು, ಎರಡು ಅಂತ ಎಣಿಸಿದ್ದೇ ಎಣಿಸಿದ್ದು, ಚಪ್ಪಾಳೆ ಹೊಡೆದದ್ದೇ ಹೊಡೆದದ್ದು! ಆಟ ಮುಗಿದ ಮೇಲೆ ಮುಂದೆ ಕೂತಿದ್ದ ಒಬ್ಬಳು ಕೇಳಿದಳು:

"ಗೊಂಬೆಯಪ್ಪಾ, ನೀರಿಗೆ ಹೋದೋಳು ಎಲ್ಲಿ?"

"ಎದ್ದು ಬಂದು ಕುಣಿದಳಲ್ಲವ್ವಾ!"

"ಕುಣಿದೋಳು ಬೇರೆ. ಅವಳ ಮೂಗುತಿ ಬೇರೆ."

ಕೇಳಿದೋಳು ಮಾಳವ್ವ, ಕುಂಬಾರ ಕೆಂಚಣ್ಣನ ಮಗಳು. ಹದಿನಾರು ವರ್ಷ. ಹುಟ್ಟಿದಾಗಿಂದ ಕಾಲಲ್ಲಿ ಬಲವಿಲ್ಲ, ಕೈ ಊರಿಕೊಂಡು ತೆವಳಿ ಓಡಾಡ್ತಾಳೆ. ಅಪ್ಪ ತಿಗರಿ ತಿರುಗಿಸಿದರೆ, ಮಗಳು ಕೂತು ಗಡಿಗೆ ತಟ್ಟೋಳು. ವೆಂಕೋಬಪ್ಪ ನಕ್ಕ. ಚುರುಕು ಹುಡುಗಿ ಅಂದುಕೊಂಡು ಗೊಂಬೆ ಸುತ್ತಿಟ್ಟ.

ಬೆಳಗ್ಗೆ ಮುಖ ತೊಳೆಯೋಕೆ ಅಂತ ಕೆರೆಗೆ ಹೋದ. ಏರಿ ಹತ್ತುವಾಗಲೇ ದನಿ ಕೇಳಿಸ್ತು. "ಇಪ್ಪತ್ತೆರಡು... ಇಪ್ಪತ್ತಮೂರು..." ವೆಂಕೋಬಪ್ಪನಿಗೆ ಹಿಗ್ಗೋ ಹಿಗ್ಗು. ನನ್ನ ಆಟದ ಎಣಿಕೆ! ನನ್ನದೇ ರಾಗ! ಏರಿ ಮೇಲೆ ನಿಂತು ನೋಡ್ತಾನೆ, ಏನು ನೋಡ್ತಾನೆ?

ಕೆಂಚಣ್ಣ ಸೊಂಟದ ತನಕ ನೀರಲ್ಲಿ ನಿಂತವ್ನೆ. ಎರಡೂ ಕೈಯಿಂದ ಏನನ್ನೋ ಕೆಳಗೆ ಅದುಮಿ ಹಿಡಿದವ್ನೆ. ನೀರಲ್ಲಿ ಗುಳ್ಳೆ ಏಳ್ತಾ ಐತೆ. ಒಂದು ಕೈ ಮೇಲೆ ಬಂತು. ಮಣ್ಣು ಮೆತ್ತಿದ ಕೈ. ಗಾಳಿ ಹಿಡಿಯೋಕೆ ನೋಡಿ ಮತ್ತೆ ಒಳಗೆ ಹೋಯ್ತು.

ಹೂಂ ಅನ್ನಿ. ಯಾಕೆ, ಯಾರಿಗೂ ಬಾಯಿ ಬರಲಿಲ್ಲವಾ? ವೆಂಕೋಬಪ್ಪನಿಗೂ ಬರಲಿಲ್ಲ. "ಇಪ್ಪತ್ತೊಂಬತ್ತು... ಮೂವತ್ತು..." ಆಗ ದನಿ ಬಂತು ನೋಡಿ.

"ಬುಡೋ! ಸುಳ್ಳು ಕಣೋ! ಸುಳ್ಳು! ಸುಳ್ಳು!"

ಧುಮುಕಿದ. ಕೆಂಚಣ್ಣನನ್ನ ಆಚೆ ತಳ್ಳಿ ಮಾಳವ್ವನನ್ನ ದಡಕ್ಕೆ ಎಳೆದ. ಹುಡುಗಿ ನೀರು ಕಾರಿ ಕೆಮ್ಮಿದಳು. ಕೆಂಚಣ್ಣ ಎದೆ ಎದೆ ಬಡಕೊಂಡ.

"ಕೆಡಿಸಿಬಿಟ್ಟೆಯಲ್ಲೋ! ಇನ್ನೆಪ್ಪತ್ತು ಎಣಿಸಿದ್ರೆ ನನ್ನ ಮಗಳಿಗೆ ಕಾಲು ಬರ್ತಿತ್ತು! ನೀನೇ ತೋರಿಸಿದೆ, ದೀಪದ ಮುಂದೆ!"

ವೆಂಕೋಬಪ್ಪ ಓಡಿದ. ಪೆಟ್ಟಿಗೆಯಿಂದ ಎರಡು ಗೊಂಬೆ ಕಿತ್ತುಕೊಂಡು ಬಂದ.

"ನೋಡು ಕೆಂಚಣ್ಣಾ. ಇವಳು ನೀರಿಗೆ ಹೋಗೋಳು. ಇವಳು ಎದ್ದು ಬರೋಳು. ಬೇರೆ ಬೇರೆ ಗೊಂಬೆ."

"ಮತ್ತೆ... ಹೋದೋಳು?"

"ಬರಲ್ಲ. ಪರದೆ ಕೆಳಗೆ, ನನ್ನ ಕಾಲ ಹತ್ತಿರ ಬಿದ್ದಿರ್ತಾಳೆ. ಮೂರೂರಲ್ಲಿ ಒಂದು ಸಲಾನೂ ಎದ್ದು ಬಂದಿಲ್ಲ."

ಹೇಳಿದೋನು ತಾನೇ ದಂಗಾಗಿ ನಿಂತ. ಸೊಟ್ಟ ಕಾಲಿನ ಗೊಂಬೆ ಬೆನ್ನ ಮೇಲೆ ಅವನದೇ ಹಿಮ್ಮಡಿ ಗುರುತು ಇತ್ತು. ಕುಣಿಯೋಳನ್ನ ಎತ್ತೋ ಅವಸರದಲ್ಲಿ ಇವಳನ್ನ ತುಳಿದಿದ್ದ. ಅದನ್ನ ಅವನು ಅವತ್ತೇ ನೋಡಿದ್ದು. ಕೆಂಚಣ್ಣ ತನ್ನ ಎರಡು ಕೈ ನೋಡಿಕೊಂಡು ಕೆಸರಲ್ಲಿ ಕುಸಿದ.

ಮಾಳವ್ವ ಉಸಿರು ತಂದುಕೊಂಡು ಅಂದಳು: "ಬ್ಯಾಡ ಅಂದೆ. ಮನೇಲಿ ಅಂದೆ, ದಾರೀಲಿ ಅಂದೆ, ನೀರಲ್ಲಿ ಅಂದೆ. 'ಆಟದ ಹುಡುಗಿ ಮಾತಾಡಲಿಲ್ಲ, ನೀನೂ ಮಾತಾಡಬ್ಯಾಡ' ಅಂದ ನಮ್ಮಪ್ಪ."

ಮೂರು ದಿನ ವೆಂಕೋಬಪ್ಪ ಆಟ ಆಡಿಸಲಿಲ್ಲ. ನಾಲ್ಕನೇ ದಿನ ಗೊಂಬೆ ಹಿಡಿದು ಕುಂಬಾರರ ಹಟ್ಟಿಗೆ ಹೋದ.

"ಇವಳಿಗೆ ಏನು ಮಾತು ಕೊಡಲವ್ವಾ?"

"ದೊಡ್ಡ ಮಾತು ಬ್ಯಾಡ. ಸಾರಿಗೆ ಉಪ್ಪಿಲ್ಲ ಅಂತ ಅವ್ವನ ಜೊತೆ ಜಗಳ ಆಡ್ಲಿ. ಗಡಿಗೆ ಓರೆ ಆದ್ರೆ ಅಪ್ಪನ್ನ ಬಯ್ಲಿ."

"ನೀನೇ ಆಡ್ತೀಯಾ ಆ ಮಾತ?"

"ಹೂಂ, ಆಡ್ತೀನಿ."

ಸಂಜೆ ಪರದೆ ಎದ್ದಿತು. ಹಿಂದೆ ಮಾಳವ್ವ ಕೂತಳು. ಕುಣಿಯೋ ಗೊಂಬೆ ಪೆಟ್ಟಿಗೇಲೇ ಉಳೀತು. ಉಪ್ಪಿನ ಜಗಳಕ್ಕೆ ಜನ ಹೊಟ್ಟೆ ಹಿಡಕೊಂಡು ನಕ್ಕರು. ಆಮೇಲೆ ಪರದೆ ಮೇಲೆ ಕೆರೆ ಬಂತು, ಗೊಂಬೆ ಅಪ್ಪ ಮಗಳನ್ನ ಎತ್ತಿದ. ಜನ ಅಭ್ಯಾಸದಂತೆ ಶುರು ಹಚ್ಚಿದರು: ಒಂದು! ಎರಡು! ಮೂರು!

"ಅಪ್ಪಾ, ಯಾರನ್ನ ಕೇಳಿ ಮುಳುಗಿಸ್ತೀಯಾ?"

ಎಣಿಕೆ ನಿಂತಿತು. ಅಪ್ಪನ ಗೊಂಬೆಗೆ ವೆಂಕೋಬಪ್ಪ ಉತ್ತರ ಕಟ್ಟಿರಲಿಲ್ಲ. ಜನರ ನಡುವಿಂದ ಕೆಂಚಣ್ಣ ಎದ್ದ.

"ಕೇಳಲಿಲ್ಲ ಮಗಳೇ. ನಾನು ಕೇಳಲೇ ಇಲ್ಲ."

ಪರದೆ ಹಿಂದಿಂದ ಮಾಳವ್ವನ ದನಿ ಬಂತು: "ಮನೆಗೆ ನಡಿ. ಹಸಿ ಗಡಿಗೆ ಇಬ್ಬನಿಗೆ ನೆನೀತಾವೆ."

ಕ್ಷಮಿಸಿದಳಾ? ಅವಳು ನನಗೆ ಹೇಳಿಲ್ಲ, ನಾನು ನಿಮಗೆ ಹೇಳಲ್ಲ. ದೀಪ ಆರಿತು, ಗೊಂಬೆ ಪೆಟ್ಟಿಗೆ ಸೇರಿತು, ಕತೆ ನಿಮ್ಮ ಮಡಿಲು ಸೇರಿತು. ತುಳೀಬೇಡಿ, ನೋಡಿಕೊಂಡು ಏಳಿ.